ನಾಲ್ಕನೇ ಹಾಡಿನ ಮೌನ

ಕಡಲು ಬೆಟ್ಟದ ಪಾದಕ್ಕೆ ತಲೆಯಿಟ್ಟು ಮಲಗುವ ಒಂದು ಊರು. ಆ ಊರಿಗೊಬ್ಬ ರಾಜ. ಅವನಿಗೆ ಕಿರೀಟವಿರಲಿಲ್ಲ, ಕುದುರೆಯಿರಲಿಲ್ಲ, ರಾಣಿಯಂತೂ ಯಾವತ್ತೋ ಸೂಟ್‌ಕೇಸು ಹಿಡಿದು ಹೊರಟುಹೋಗಿದ್ದಳು. ಇದ್ದದ್ದು ಎರಡು ಕಿವಿ. ಊರಿನಲ್ಲಿ ಯಾರು ಹಾಡು ಕಟ್ಟಿದರೂ ಮೊದಲು ಆ ಕಿವಿಗಳ ಮುಂದೆ ತಂದಿಡಬೇಕು. ಕಿವಿ ಒಪ್ಪಿದರೆ ಹಾಡು ಬದುಕಿತು. ಒಪ್ಪದಿದ್ದರೆ, ಕಟ್ಟಿದವನ ತಾಯಿ ಕೂಡ ಪಾತ್ರೆ ತೊಳೆಯುವಾಗ ಅದನ್ನು ಗುನುಗುತ್ತಿರಲಿಲ್ಲ.

ಆ ಊರಿನ ಹುಡುಗಿ ನಿವೆಸ್‌ಳ ಅಜ್ಜಿ ಬದುಕಿದ್ದಿದ್ದರೆ ಈ ಕತೆಯನ್ನು ಹೀಗೇ ಶುರುಮಾಡುತ್ತಿದ್ದಳು. ಅಜ್ಜಿಯ ರಾಜರೆಲ್ಲ ಯಾವುದೋ ಕಾಡಿನಾಚೆ, ಗಾಜಿನ ಗುಡ್ಡದ ಮೇಲೆ ಇರುತ್ತಿದ್ದರು. ಈ ರಾಜ ಮಾತ್ರ ರಿಯೆಕಾ ಎಂಬ ಬಂದರೂರಿನ ಮೀನು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿದ್ದ. ಹೆಸರು ಲುಚಿಯಾನ್. ವಯಸ್ಸು ಅರವತ್ತೊಂದು. ಮೂವತ್ತು ವರ್ಷದಿಂದ ಅವನು 'ದ್ರಾಚಾ' ಎಂಬ ಎಂಟು ಪುಟದ ಪತ್ರಿಕೆ ನಡೆಸುತ್ತಿದ್ದ. ದ್ರಾಚಾ ಎಂದರೆ ಮುಳ್ಳು. ರಾಕ್ ಇರಲಿ, ಇಂಡಿ ಇರಲಿ, ಹಿಪ್‌ಹಾಪ್ ಇರಲಿ, ಹೊಸ ಆಲ್ಬಮ್ ಬಂತೆಂದರೆ ಅದರ ಹಣೆಬರಹ ಆ ಎಂಟು ಪುಟಗಳಲ್ಲಿ ತೀರ್ಮಾನವಾಗುತ್ತಿತ್ತು.

ದ್ರಾಚಾದ ನೇಮ ಬೇರೆ ಯಾವ ಪತ್ರಿಕೆಗೂ ಇರಲಿಲ್ಲ. ಆ ಸೀಮೆಯಲ್ಲಿ ಕಾರ್ನಿವಲ್ ಮುಗಿಯುವ ದಿನ ಪುಸ್ತ್ ಎಂಬ ಹುಲ್ಲಿನ ಮನುಷ್ಯನನ್ನು ಜನರ ನಡುವೆ ನಿಲ್ಲಿಸಿ, ಆ ವರ್ಷ ಊರಿನಲ್ಲಿ ನಡೆದ ಕೆಟ್ಟದ್ದೆಲ್ಲಕ್ಕೂ ಅವನೇ ಹೊಣೆಯೆಂದು ಆರೋಪಪಟ್ಟಿ ಓದಿ, ಆಮೇಲೆ ಸುಡುತ್ತಾರೆ. ಲುಚಿಯಾನ್ ಅದನ್ನೇ ತನ್ನ ಪತ್ರಿಕೆಗೆ ತಂದಿದ್ದ. ವಿಮರ್ಶೆ ಅಚ್ಚಿಗೆ ಹೋಗುವ ಮುನ್ನ ಹಾಡಿದವರ ಮುಖದೆದುರೇ ಅದನ್ನು ಓದಬೇಕು. ಮಾರ್ಚೆಲಾಳ ಕೆಫೆಯಲ್ಲಿ, ಗುರುವಾರ ಸಂಜೆ ಐದಕ್ಕೆ, ಊರವರ ಮುಂದೆ. ಹಾಡಿದವರು ನಡುವೆ ಒಂದು ಕುರ್ಚಿಯಲ್ಲಿ ಕೂರಬೇಕು. ಅದಕ್ಕೆ ಪುಸ್ತನ ಕುರ್ಚಿ ಎಂದೇ ಹೆಸರು. ಓದು ಮುಗಿಯುವವರೆಗೆ ಕೂತವರು ಬಾಯಿ ಬಿಡುವಂತಿಲ್ಲ, ಒಂದೇ ಒಂದು ಸಲ "ತೋರಿಸು" ಎನ್ನಬಹುದು. ಆಗ ಓದುವವರು ತಾವು ಹೇಳಿದ್ದನ್ನು ಅದೇ ಆಲ್ಬಮ್ಮಿನ ಗ್ರಾಮಫೋನ್ ತಟ್ಟೆಯಿಂದ ನುಡಿಸಿ ಸಾಬೀತು ಮಾಡಬೇಕು. ಕೊನೆಗೆ ಹತ್ತಕ್ಕೆ ಎಷ್ಟು ಎಂದು ಅಂಕ ಹೇಳಬೇಕು. ಅಂಕ ಹೇಳದೆ ಓದು ಮುಗಿಯುವುದಿಲ್ಲ.

ಆರು ವರ್ಷದ ಹಿಂದೆ ಆ ಕುರ್ಚಿಯಲ್ಲಿ ನಿವೆಸ್ ಕೂತಿದ್ದಳು. ಪಕ್ಕದಲ್ಲಿ ಅವಳ ಗೆಳತಿ ಇಂಗ್ರಿಡ್. ಇಬ್ಬರೂ ಸೇರಿ ಹಡಗುಕಟ್ಟೆಯ ಹೆಂಗಸರ ಬಗ್ಗೆ ಒಂದು ಹಿಪ್‌ಹಾಪ್ ಆಲ್ಬಮ್ ಮಾಡಿದ್ದರು. "ಇಬ್ಬರು ಹುಡುಗಿಯರು ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು ಜಗಳವಾಡುತ್ತಿದ್ದಾರೆ," ಎಂದು ಲುಚಿಯಾನ್ ಓದಿದ್ದ. ಜನ ಮೇಜು ಕುಟ್ಟಿ ನಕ್ಕಿದ್ದರು. ಇಂಗ್ರಿಡ್ ಅತ್ತಳು. ನಿವೆಸ್ ಅಳಲಿಲ್ಲ. ಅದನ್ನು ನೋಡಿದ ಲುಚಿಯಾನ್ ಮಾರನೆಯ ದಿನ ಅವಳನ್ನು ಕರೆಸಿ, "ನೀನು ಹಾಡಬೇಡ ಮಗಾ, ಬರಿ," ಎಂದ. ಅವಳು ಬರೆಯತೊಡಗಿದಳು. ಹಾಡು ಅಲ್ಲಿಗೇ ನಿಂತಿತು.

ಈ ಅಕ್ಟೋಬರಿನ ಒಂದು ಗುರುವಾರ ಕುರ್ಚಿಯಲ್ಲಿ ಕೂತವನು ಆಲೆನ್, 'ಎರಡನೇ ಮಹಡಿ' ಎಂಬ ಇಂಡಿ ತಂಡದ ಹಾಡುಗಾರ. ಓದುವವಳು ನಿವೆಸ್.

"ಈ ತಂಡ ಹತ್ತು ಹಾಡುಗಳನ್ನೂ ರಜಾಯಿಯೊಳಗೆ ಮಲಗಿಕೊಂಡು ಹಾಡಿದೆ. ಕೇಳುವವರಿಗೂ ಒಂದೊಂದು ದಿಂಬು ಕೊಟ್ಟಿದ್ದರೆ ನ್ಯಾಯವಾಗುತ್ತಿತ್ತು."

ನಗು ಎದ್ದಿತು. ಆಲೆನ್‌ನ ಕಿವಿ ಕೆಂಪಾದವು. "ತೋರಿಸು," ಎಂದ.

ನಿವೆಸ್ ತಟ್ಟೆಯ ಮೇಲೆ ಮುಳ್ಳಿಟ್ಟಳು. ಅಮ್ಮ ಮಳೆ ಬರುವ ಮುಂಚೆ ಬಟ್ಟೆ ತೆಗೆಯುತ್ತಿದ್ದಾಳೆ ಎನ್ನುವ ಮೆಲುದನಿಯ ಸಾಲು ಕೋಣೆಯಲ್ಲಿ ಹರಿಯಿತು.

"ಏನಾದ್ರೂ ಕೇಳಿಸ್ತೇನ್ರಪ್ಪಾ?" ಲುಚಿಯಾನ್ ಸುತ್ತ ನೋಡಿದ. "ಬಾಯೊಳಗೇ ಬೇಯಿಸ್ಕೊಂಡು ಬಾಯೊಳಗೇ ತಿಂತಿದ್ದಾನೆ. ಯಾರಿಗಾದ್ರೂ ಒಂದಕ್ಷರ ಕೇಳಿಸ್ತಾ?"

"ಇಲ್ಲ ಮೇಷ್ಟ್ರೇ," ಎಂದರು ಜನ.

ನಿವೆಸ್‌ಗೆ ಪ್ರತಿ ಅಕ್ಷರವೂ ಕೇಳಿಸಿತ್ತು. ಬಟ್ಟೆಗೆ ಸಿಕ್ಕಿಸಿದ ಕ್ಲಿಪ್ಪಿನ ಬಣ್ಣ ಕೂಡ ಹಾಡಿನಲ್ಲಿತ್ತು, ಹಳದಿ. ತನ್ನ ಕಿವಿಗೇ ರುಚಿ ಗೊತ್ತಿಲ್ಲವೇನೋ ಎಂದುಕೊಂಡು ಅವಳು ಮುಂದಿನ ಸಾಲು ಓದಿದಳು. ಅಂಕ ಎರಡು. ಆಲೆನ್ ಎದ್ದು, ಯಾರ ಮುಖವನ್ನೂ ನೋಡದೆ, ಕೋಟು ಮರೆತು ಹೊರಗೆ ಹೋದ.

ಜನ ಚದುರಿದ ಮೇಲೆ ಲುಚಿಯಾನ್ ಚೀಲದಿಂದ ಒಂದು ಬಿಳಿಯ ಹೊದಿಕೆಯ ತಟ್ಟೆ ತೆಗೆದು ಮೇಜಿನ ಮೇಲಿಟ್ಟ. ಅವನ ಬೆರಳು ಅದರಿಂದ ದೂರ ಸರಿಯಲೊಲ್ಲದು.

"ಯಾರದ್ದು ಮೇಷ್ಟ್ರೇ?"

"ನಂದು."

ನಿವೆಸ್‌ಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

"ಎಂಟು ಹಾಡು. ಇಪ್ಪತ್ತನೇ ವಯಸ್ಸಲ್ಲಿ ಒಂದು ತಂಡ ಕಟ್ಟಿದ್ದೆ, ಮುರೀತು. ಆಮೇಲೆ ಧೈರ್ಯ ಬರ್ಲಿಲ್ಲ. ಬೇರೆಯವ್ರ ಹಾಡು ತಿಂದು ತಿಂದು ಹೊಟ್ಟೆ ಬೆಳೆಸ್ದೆ ಅಷ್ಟೆ. ಎರಡು ವರ್ಷದಿಂದ ವಾಲ್ಟರ್‌ನ ಸ್ಟುಡಿಯೋಲಿ ಕದ್ದು ಕೂತು ಮಾಡಿದ್ದೀನಿ. ವಾಲ್ಟರ್‌ಗೆ ಬಿಟ್ರೆ ಒಬ್ಬರಿಗೂ ಗೊತ್ತಿಲ್ಲ." ಅವನು ಕುರ್ಚಿಯನ್ನು ಅವಳ ಹತ್ತಿರ ಎಳೆದ. "ನಾಲ್ಕನೇ ಹಾಡು ಇದ್ಯಲ್ಲ, ಅದರ ನಡುವೆ ನಲವತ್ತು ಸೆಕೆಂಡು ಮೌನ. ಏನೂ ಇಲ್ಲ. ಗಾಳಿ ನಿಂತ ಕಡಲಿನ ಹಾಗೆ. ಇಡೀ ತಟ್ಟೆಯ ಜೀವ ಅದೇ. ಅದರ ಬಗ್ಗೆ ಬರೀದೆ ಬಿಡಬೇಡ."

"ನಾನಾ ಬರೀಬೇಕು?"

"ಮತ್ಯಾರು? ಉಳಿದೋರೆಲ್ಲ ನನ್ನ ಚಪ್ಪಲಿ ನೆಕ್ತಾರೆ. ಮುಂದಿನ ಗುರುವಾರ ಆ ಕುರ್ಚೀಲಿ ನಾನು ಕೂತ್ಕೋತೀನಿ. ನೀನು ಓದ್ತೀಯ. ನಾನು ನಿನಗೆ ಹೇಗೆ ಓದಿದ್ನೋ ಹಾಗೆ. ಕನಿಕರ ಏನಾದ್ರೂ ಇಣುಕಿದ್ರೆ ಅವತ್ತೇ ನಿನ್ನ ಹೆಸರು ಪತ್ರಿಕೆಯಿಂದ ಕಿತ್ತುಹಾಕ್ತೀನಿ. ಅಂಕದವರೆಗೂ ಓದ್ಬೇಕು. ಮಾತು ಕೊಡು."

ಕನಸು ಕಾಣುವ ಹುಡುಗನ ಕಣ್ಣು ಆ ಮುದುಕನ ಮುಖದಲ್ಲಿತ್ತು. ನಿವೆಸ್ ಅವನ ಅಂಗೈ ಮೇಲೆ ಕೈಯಿಟ್ಟಳು. "ಓದ್ತೀನಿ ಮೇಷ್ಟ್ರೇ. ಅಂಕದವರೆಗೂ."

ಮಾರನೆಯ ಬೆಳಿಗ್ಗೆ ಕಾಫಿ ಕುಡಿದು ತಟ್ಟೆ ಹಚ್ಚಿದಳು. ಮೊದಲ ಹಾಡಿನ ಮೊದಲ ಸಾಲಿಗೇ ಅವಳ ಹಲ್ಲು ಜುಂ ಎಂದವು. ತಾಳದ ತಟ್ಟೆಗಳು ಗಾಜನ್ನು ಗಾಜಿನಿಂದ ಉಜ್ಜಿದಂತೆ ಚೀರುತ್ತಿದ್ದವು. 'ಸ' ಬಂದಲ್ಲೆಲ್ಲ ಸೂಜಿ. ಗಿಟಾರು ಸುಡುವ ತಂತಿ. ಧ್ವನಿ ತಗ್ಗಿಸಿದಳು, ಚೂಪು ತಗ್ಗಲಿಲ್ಲ. ಅದರಡಿಯಲ್ಲಿ, ಗಾಯದಡಿಯ ಚರ್ಮದಂತೆ, ಒಳ್ಳೆಯ ಹಾಡುಗಳಿದ್ದವು. ಬಿಟ್ಟುಹೋದವಳ ಬಗ್ಗೆ, ಹಡಗುಕಟ್ಟೆಯಲ್ಲಿ ದುಡಿದು ಸತ್ತ ಅಪ್ಪನ ಬಗ್ಗೆ ಬರೆದ ಸಾಲುಗಳು ನಿಜಕ್ಕೂ ಚೆನ್ನಾಗಿದ್ದವು.

ನಾಲ್ಕನೇ ಹಾಡಿನಲ್ಲಿ ವಾದ್ಯಗಳು ಒಂದೊಂದಾಗಿ ನಿಂತವು. ಆಮೇಲೆ ಒಂದು ಕೀರಲು. ಎಳೆ ಕಡಿಯದ, ಉಸಿರು ತೆಗೆದುಕೊಳ್ಳದ, ತೆಳ್ಳಗಿನ ಚೀತ್ಕಾರ. ಅವಳು ಎರಡೂ ಕಿವಿಗೆ ಬೆರಳಿಟ್ಟು ಗಡಿಯಾರ ನೋಡಿದಳು. ಸರಿಯಾಗಿ ನಲವತ್ತು ಸೆಕೆಂಡು.

ಅವಳು ಕೋಟು ಹಾಕಿಕೊಂಡು ವಾಲ್ಟರ್‌ನ ಸ್ಟುಡಿಯೋಗೆ ನಡೆದಳು.

ವಾಲ್ಟರ್ ಊರಿನ ಎಲ್ಲ ತಂಡಗಳ ಹಾಡನ್ನೂ ಹಿಡಿದು, ಬೆರೆಸಿ, ಹದಮಾಡಿ ಕೊಡುತ್ತಿದ್ದವನು. ಅವಳನ್ನು ಬಾಗಿಲಲ್ಲಿ ಕಂಡದ್ದೇ ತಡ, ಒಲೆಯ ಮೇಲೆ ಕಾಫಿ ಇಟ್ಟು ಬೆನ್ನು ತಿರುಗಿಸಿ ನಿಂತ.

"ನಾಲ್ಕನೇ ಹಾಡು, ವಾಲ್ಟರ್."

"ಅದರಲ್ಲೇನಿದೆ? ಮೌನ ಇದೆ."

"ಹಂದಿ ಕೊಯ್ಯೋ ಸದ್ದಿದೆ."

ವಾಲ್ಟರ್ ಬೆನ್ನು ಹಾಕಿಯೇ ಹೇಳಿದ. "ಹಳೇ ಆಂಪ್ಲಿಫೈಯರಿಂದು. ಬಿಸಿ ಆದ್ರೆ ಕೀರಲು ಬಿಡುತ್ತೆ. ನಿಲ್ಸಿ ಅನ್ನೋಕೆ ಬಾಯಿ ತೆಗೆದೆ. ಮೇಷ್ಟ್ರು ಕಣ್ಮುಚ್ಕೊಂಡು ಕೈ ಎತ್ತಿ ನಿಂತಿದ್ರು, ಚರ್ಚಲ್ಲಿ ನಿಂತ ಹಾಗೆ. 'ಕೇಳಿಸ್ಕೋ ವಾಲ್ಟರ್, ಇದು ಮೌನ' ಅಂದ್ರು. ಏನ್ ಹೇಳ್ಲಿ? ಮೇಲಿನ ಸ್ವರ ಒಂದೂ ಕೇಳಿಸಲ್ಲ ಅವರಿಗೆ; ಅದಿಲ್ದೆ ಮಾತೆಲ್ಲ ಬಾಯೊಳಗೇ ಗೊಣಗಿದ ಹಾಗಿರುತ್ತೆ. ಮೂವತ್ತು ವರ್ಷ ಸ್ಪೀಕರ್ ಪಕ್ಕ ನಿಂತಿದ್ದಾರೆ, ಉಳಿಯುತ್ತಾ ಕಿವಿ? 'ಇನ್ನೂ ಏರಿಸು, ಮಂಕಾಗಿದೆ' ಅಂದ್ರು. ಏರಿಸ್ದೆ. 'ಇನ್ನೂ' ಅಂದ್ರು. ಏರಿಸ್ದೆ."

"ಯಾವಾಗಿಂದ ಗೊತ್ತು ನಿನಗೆ?"

"ಎಂಟು ವರ್ಷ ಆಯ್ತು."

"ನಮ್ಮ ಆಲ್ಬಮ್ ಆರು ವರ್ಷದ ಹಿಂದಿಂದು. ನೀನೇ ಮಾಡ್ಕೊಟ್ಟಿದ್ದು."

"ಹೂಂ."

"ನಾವಿಬ್ರು ಕುರ್ಚೀಲಿ ಕೂತಿದ್ದಾಗ ನೀನು ಬಾಗಿಲ ಹತ್ರ ನಿಂತಿದ್ದೆ."

"ಬಿಯರ್ ಕುಡೀತಿದ್ದೆ," ಎಂದ ವಾಲ್ಟರ್, ಅದೂ ಒಂದು ಉತ್ತರವೆಂಬಂತೆ. ಕಾಫಿ ಉಕ್ಕಿತು; ಅವನು ಒರೆಸಲಿಲ್ಲ. "ಆಮೇಲೆ ಬಂದೋರೆಲ್ಲ ಕೇಳಿದ್ದು ಒಂದೇ, 'ಮೇಷ್ಟ್ರಿಗೆ ಹಿಡಿಸೋ ಹಾಗೆ ಮಾಡ್ಕೊಡು.' ಎಲ್ಲರದ್ದೂ ಚೂಪು ಏರಿಸ್ದೆ. ಯಾವನು ಜಾಸ್ತಿ ಚೂಪೋ ಅವನಿಗೆ ಎಂಟು, ಒಂಬತ್ತು. ಇಡೀ ಊರೇ ಈಗ ಕೀರ್ತಿದೆ. ರಾಜಧಾನಿ ಝಾಗ್ರೆಬ್‌ನ ರೇಡಿಯೋದವ್ರು ನಮ್ಮ ಹಾಡು ಬಂದ್ರೆ ಏನಂತಾರೆ ಗೊತ್ತಾ? ರಿಯೆಕಾದವರ ವಾದ್ಯ ಹಲ್ಲು ಡಾಕ್ಟ್ರ ಮೆಶೀನು ಅಂತ. ಆ ಹುಡುಗ ಆಲೆನ್ ಒಬ್ಬನೇ 'ಬೇಡಣ್ಣ, ಮೆತ್ತಗಿರ್ಲಿ' ಅಂದ. ಅವನಿಗೆ ನೀನು ಎರಡು ಕೊಟ್ಟೆ."

ದೂರುವ ದನಿಯೂ ಇಲ್ಲದಷ್ಟು ಮೆತ್ತಗೆ ಅವನು ಆ ಕೊನೆಯ ಮಾತು ಹೇಳಿದ್ದ. ನಿವೆಸ್ ಕಾಫಿ ಕುಡಿಯದೆ ಎದ್ದಳು.

ಮೀನು ಮಾರುಕಟ್ಟೆ ಹಾದಿಯಲ್ಲೇ ಇತ್ತು. ಇಂಗ್ರಿಡ್ ರಬ್ಬರಿನ ಏಪ್ರನ್ ಕಟ್ಟಿಕೊಂಡು, ಕಲ್ಲಿನ ಕಟ್ಟೆಯ ಮೇಲೆ ಮೀನಿನ ಪೊರೆ ಕೆರೆಯುತ್ತಿದ್ದಳು. ನಿವೆಸ್ ನಿಂತಲ್ಲೇ ಎಲ್ಲ ಹೇಳಿದಳು. ತಾವು ಕೆಟ್ಟದಾಗಿ ಹಾಡಿರಲಿಲ್ಲ, ಬಾಯಲ್ಲಿ ಆಲೂಗಡ್ಡೆ ಇರಲಿಲ್ಲ, ಅವನ ಕಿವಿಯೇ ಹೋಗಿತ್ತು ಎಂದಳು. ಗೆಳತಿ ನಗುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದಳು.

ಇಂಗ್ರಿಡ್‌ಳ ಚೂರಿ ನಿಂತಿತು. "ಇದನ್ನ ಯಾಕೆ ಹೇಳ್ದೆ?"

"ನಿಂಗೆ ಗೊತ್ತಾಗ್ಬೇಕಿತ್ತು ಅನ್ನಿಸ್ತು ಕಣೇ."

"ನಂಗಾ, ನಿಂಗಾ?" ಇಂಗ್ರಿಡ್ ಚೂರಿಯ ತುದಿಯಿಂದ ಒಂದು ಪೊರೆ ಚಿಮ್ಮಿದಳು. "ಆರು ವರ್ಷ ನಾನು ಏನಂದ್ಕೊಂಡು ಬದುಕಿದೀನಿ ಗೊತ್ತಾ? ನಮ್ಮ ಹಾಡು ದರಿದ್ರವಾಗಿತ್ತು, ಬಿಟ್ಟಿದ್ದೇ ಒಳ್ಳೇದಾಯ್ತು ಅಂತ. ಅದೊಂದಿತ್ತು ನಂಗೆ. ಅದನ್ನ ನೆನೆಸ್ಕೊಂಡ್ರೆ ನಿದ್ದೆ ಬರ್ತಿತ್ತು. ಈಗ ಬಂದು 'ಚೆನ್ನಾಗೇ ಇತ್ತು' ಅಂತೀಯ. ನಿಮ್ಮ ಮೇಷ್ಟ್ರು ಹಾಡು ಕಿತ್ಕೊಂಡ. ನೀನು ಇದನ್ನೂ ಕಿತ್ಕೊಂಡೆ."

"ಇಂಗ್ರಿಡ್..."

"ಗಿರಾಕಿ ನಿಂತಿದ್ದಾರೆ, ಪಕ್ಕಕ್ಕೆ ಸರಿ." ಇಂಗ್ರಿಡ್ ಅವಳ ಭುಜದಾಚೆ ನೋಡಿದಳು. "ತಲೆ ತೆಗೀಲಾ ಅಮ್ಮಾ, ಇರ್ಲಾ?"

ಶನಿವಾರ ನಿವೆಸ್ ಒಂದು ವಿಮರ್ಶೆ ಬರೆದಳು. ಸಾಲುಗಳನ್ನು ಹೊಗಳಿದಳು, ಅಪ್ಪನ ಹಾಡನ್ನು ಹೊಗಳಿದಳು, ಚೂಪಿನ ಬಗ್ಗೆ 'ಧೈರ್ಯದ ಧ್ವನಿ' ಎಂದಳು, ನಾಲ್ಕನೇ ಹಾಡಿನ ಮೌನಕ್ಕೆ ಎರಡು ಸಾಲು ಕೊಟ್ಟಳು. ಅಂಕ ಎಂಟು. ಕನ್ನಡಿಯ ಮುಂದೆ ನಿಂತು ಓದಿದಳು. ಚೆನ್ನಾಗಿಯೇ ಇತ್ತು. ಅದನ್ನು ಓದಿದರೆ ಯಾರೂ ಸಾಯುತ್ತಿರಲಿಲ್ಲ. ಮುದುಕ ತನ್ನ ಕಿವಿಯನ್ನು ನಂಬಿಕೊಂಡೇ ಮುಪ್ಪನ್ನು ಮುಗಿಸುತ್ತಿದ್ದ. ಊರು ಕೀರುತ್ತಲೇ ಇರುತ್ತಿತ್ತು, ಅಷ್ಟೆ.

ಅವಳು ಅದನ್ನು ಹರಿದಳು. ಸತ್ಯದ ಮೇಲಿನ ಪ್ರೀತಿಗೆ ಹರಿದೆ ಎಂದು ಮೊದಲು ತನಗೇ ಹೇಳಿಕೊಂಡಳು. ಆದರೆ ಅಜ್ಜಿಯ ಕತೆ ಕೇಳಿ ಬೆಳೆದವಳಿಗೆ ತನ್ನೊಳಗಿನ ಮಾಟಗಾತಿಯ ಗುರುತು ಹತ್ತುವುದು ಕಷ್ಟವಲ್ಲ. ಆ ಕುರ್ಚಿಯಲ್ಲಿ, ಆ ಮಾತು ಕೇಳಿದ ಕ್ಷಣದಲ್ಲಿ, ಅವನ ಮುಖ ಹೇಗಾಗುತ್ತದೆಂದು ಅವಳಿಗೆ ನೋಡಬೇಕಿತ್ತು. ಹೊಸದಾಗಿ ಬರೆಯಲು ಕೂತಳು. ಒಂದೊಂದು ವಾಕ್ಯವನ್ನೂ ಮಸೆದಳು. ಎಲ್ಲಿ ಜನ ನಗಬೇಕು, ಎಲ್ಲಿ ಉಸಿರು ಬಿಗಿಹಿಡಿಯಬೇಕು ಎಂದು ಲೆಕ್ಕ ಹಾಕಿದಳು. ಅವನೇ ಕಲಿಸಿದ ವಿದ್ಯೆ. ಊಟ ತಣ್ಣಗಾದದ್ದು ಕೂಡ ಅವಳಿಗೆ ಗೊತ್ತಾಗಲಿಲ್ಲ.

ಬುಧವಾರ ಲುಚಿಯಾನ್ ಫೋನು ಮಾಡಿದ. "ಬರೆದ್ಯಾ? ಒಂದೇ ಒಂದು ಸಾಲು ಹೇಳು ಮಗಾ."

"ನೇಮ ಮುರೀಬಾರ್ದು ಮೇಷ್ಟ್ರೇ."

"ಅದೂ ಸರೀನೇ," ಎಂದು ಅವನು ಮಗುವಿನ ಹಾಗೆ ನಕ್ಕ. "ನಾಳೆಗೆ ಹೊಸ ಶರ್ಟು ತಗೊಂಡಿದ್ದೀನಿ. ನೀಲಿ. ಪುಸ್ತ್ ಆದ್ರೂ ಲಕ್ಷಣವಾಗಿ ಇರ್ಬೇಕಲ್ಲ."

ಗುರುವಾರ ಕೆಫೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಮೂವತ್ತು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತೆದ್ದವರೆಲ್ಲ ಬಂದಿದ್ದರು. ಕೆಲವರ ಕೂದಲು ಹಣ್ಣಾಗಿತ್ತು. ಆಲೆನ್ ಮುಂದಿನ ಸಾಲಿನಲ್ಲಿದ್ದ. ಇಂಗ್ರಿಡ್ ಬಂದಿರಲಿಲ್ಲ. ಲುಚಿಯಾನ್ ನೀಲಿ ಶರ್ಟಿನಲ್ಲಿ, ಮೊಣಕಾಲ ಮೇಲೆ ಕೈಯಿಟ್ಟು, ಮದುವೆಗೆ ಬಂದವನಂತೆ ನೆಟ್ಟಗೆ ಕೂತ.

ನಿವೆಸ್ ಓದತೊಡಗಿದಳು.

"ಲುಚಿಯಾನ್ ಒಳ್ಳೆಯ ಹಾಡು ಬರೆಯಬಲ್ಲ. ದುಃಖ ಅಲ್ಲಿಂದಲೇ ಶುರುವಾಗುತ್ತದೆ. ಎಂಟು ಹಾಡುಗಳನ್ನು ಹೆತ್ತು, ಎಂಟನ್ನೂ ತಂತಿ ಬ್ರಶ್ಶಿನಿಂದ ಉಜ್ಜಿ ಉಜ್ಜಿ ಚರ್ಮ ಸುಲಿದು ನಮ್ಮ ಮುಂದೆ ಮಲಗಿಸಿದ್ದಾನೆ."

ಜನ ಅವನ ಮುಖ ನೋಡಿದರು. ಅವನು ಭೇಷ್ ಎನ್ನುವಂತೆ ನಕ್ಕು ತೊಡೆ ತಟ್ಟಿದ. ಅವನೇ ನಕ್ಕ ಮೇಲೆ ಉಳಿದವರೂ ನಕ್ಕರು.

"ಅಪ್ಪನ ಹಾಡಿನಲ್ಲಿ ಅಪ್ಪ ಸಾಯುವುದು ಕಾಯಿಲೆಯಿಂದಲ್ಲ, ಮಗನ ಗಿಟಾರಿನಿಂದ."

ನಗು ಇನ್ನೂ ಜೋರಾಯಿತು. ಹಿಂದಿನಿಂದ ಯಾರೋ "ಕೊಡು, ಇನ್ನೂ ಕೊಡು!" ಎಂದರು. ಲುಚಿಯಾನನ ನಗು ತುಸು ಬಿಗಿಯಾಯಿತು, ಆದರೆ ಅಳಿಯಲಿಲ್ಲ.

"ನಾಲ್ಕನೇ ಹಾಡಿನಲ್ಲಿ ನಲವತ್ತು ಸೆಕೆಂಡು ಮೌನವಿದೆಯೆಂದು ಹಾಡಿದವನು ನಂಬಿದ್ದಾನೆ. ಅಲ್ಲಿ ಮೌನವಿಲ್ಲ. ಅಲ್ಲೊಂದು ಚೀತ್ಕಾರವಿದೆ. ಅದು ಈ ಕೋಣೆಯಲ್ಲಿರುವ ಒಬ್ಬನನ್ನು ಬಿಟ್ಟು ಉಳಿದೆಲ್ಲರಿಗೂ ಕೇಳಿಸುತ್ತದೆ."

ಲುಚಿಯಾನ್ ಹುಬ್ಬು ಗಂಟಿಕ್ಕಿದ. ಓದುವವಳು ಹದ ತಪ್ಪಿದ್ದಾಳೆಂಬ ಬೇಸರ ಅವನ ಮುಖದಲ್ಲಿತ್ತು.

"ತೋರಿಸು."

ಅವಳು ಮುಳ್ಳಿಟ್ಟಳು. ವಾದ್ಯಗಳು ಒಂದೊಂದಾಗಿ ನಿಂತವು. ಲುಚಿಯಾನ್ ಕಣ್ಣು ಮುಚ್ಚಿ, ಬಲಗೈ ಮೆಲ್ಲಗೆ ಎತ್ತಿದ. ಕೀರಲು ಶುರುವಾಯಿತು.

ಮಾರ್ಚೆಲಾ ಕೈಲಿದ್ದ ಟ್ರೇ ಕೆಳಗಿಟ್ಟು ಕಿವಿ ಮುಚ್ಚಿಕೊಂಡಳು. ಆಲೆನ್ ತಲೆಯನ್ನು ಮೊಣಕಾಲ ನಡುವೆ ಸೇರಿಸಿದ. ಹೊರಗೆ ಕಂಬಕ್ಕೆ ಕಟ್ಟಿದ್ದ ನಾಯಿ ಊಳಿಡತೊಡಗಿತು. ಅರವತ್ತು ಜನರ ನಡುವೆ ಒಬ್ಬನೇ ಒಬ್ಬ ತುಟಿಯಲ್ಲಿ ನಗು ಇಟ್ಟುಕೊಂಡು, ಗಾಳಿ ನಿಂತ ಕಡಲನ್ನು ಕೇಳುತ್ತ ಕೂತಿದ್ದ.

ಅವನು ಕಣ್ಣು ತೆರೆದ. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಒಬ್ಬೊಬ್ಬರ ಕಿವಿಯ ಮೇಲಿನ ಕೈಗಳನ್ನೂ ನೋಡಿದ.

"ಹಚ್ಚಿದ್ಯಾ?"

"ಹಚ್ಚಿದ್ದೀನಿ ಮೇಷ್ಟ್ರೇ. ಈಗ್ಲೂ ಓಡ್ತಿದೆ."

ಅವನು ಬಾಗಿಲ ಬಳಿ ನಿಂತ ವಾಲ್ಟರ್‌ನನ್ನು ಹುಡುಕಿದ. ವಾಲ್ಟರ್ ತನ್ನ ಬೂಟು ನೋಡಿಕೊಂಡ. ಹಾಡು ಮತ್ತೆ ಶುರುವಾಯಿತು, ನಿವೆಸ್ ಮುಳ್ಳು ತೆಗೆದಳು. ಆಗ ಮೊದಲು ನಕ್ಕವನು ಆಲೆನ್. "ರಜಾಯಿ!" ಎಂದ. "ಅಯ್ಯೋ, ರಜಾಯಿ ಮೇಷ್ಟ್ರ ಕಿವೀಲಿತ್ತಲ್ರೋ!" ಕೋಣೆ ಸಿಡಿಯಿತು. ಹಣ್ಣುಕೂದಲಿನವರು ಮೇಜು ಕುಟ್ಟಿದರು. ಒಬ್ಬ ಹೆಂಗಸು ನಗುತ್ತ ನಗುತ್ತ ಅತ್ತೇಬಿಟ್ಟಳು. ಲುಚಿಯಾನ್ ಕೈಯನ್ನು ಮೆಲ್ಲಗೆ ಇಳಿಸಿ, ಅದನ್ನು ಎಲ್ಲಿಡಬೇಕೆಂದು ತಿಳಿಯದವನಂತೆ, ಹೊಸ ಶರ್ಟಿನ ಗುಂಡಿಯ ಮೇಲಿಟ್ಟ.

ಆ ಮುಖವನ್ನು ನೋಡಲೆಂದೇ ಅವಳು ಐದು ದಿನ ಮಸೆದಿದ್ದಳು. ನೋಡಿದಳು. ಅದು ಕಲ್ಲಾಗಲಿಲ್ಲ, ಕೆರಳಲಿಲ್ಲ. ದಾರಿ ತಪ್ಪಿದ ಮುದುಕನ ಮುಖ, ಅಷ್ಟೆ. ಕಾಗದದಲ್ಲಿ ಇನ್ನೊಂದು ಪ್ಯಾರಾ ಉಳಿದಿತ್ತು.

"ಎಂಟು ವರ್ಷದಿಂದ ಈ ಪತ್ರಿಕೆ ಕೊಟ್ಟ ತೀರ್ಪುಗಳೆಲ್ಲ ಸುಳ್ಳು. ಅವುಗಳಲ್ಲಿ ಅರ್ಧಕ್ಕರ್ಧ ಇದನ್ನು ಓದುತ್ತಿರುವವಳು ಬರೆದದ್ದು. ಲುಚಿಯಾನನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅವಳಿಗೆ ಕೇಳಿಸುತ್ತಿತ್ತು."

ನಗು ಥಟ್ಟನೆ ನಿಂತಿತು. ಆಲೆನ್ ತಲೆಯೆತ್ತಿ ಅವಳನ್ನು ನೋಡಿದ. ಅವನ ಕಣ್ಣಲ್ಲಿ ನಗುವಿನ ಪಸೆ ಕೂಡ ಉಳಿದಿರಲಿಲ್ಲ. ಅವನೊಬ್ಬನೇ ಅಲ್ಲ, ಕೋಣೆಯ ಅರ್ಧ ಮುಖಗಳು ಕುರ್ಚಿಯಿಂದ ಅವಳ ಕಡೆಗೆ ತಿರುಗಿದವು.

"ಸಾಕು ಬಿಡೇ ಹುಡುಗಿ," ಎಂದಳು ಮಾರ್ಚೆಲಾ. "ಮುದಿ ಜೀವ. ಮನೆಗೆ ಕರ್ಕೊಂಡ್ಹೋಗ್ರೋ ಯಾರಾದ್ರೂ."

"ಅಂಕ," ಎಂದ ಲುಚಿಯಾನ್.

ಒಬ್ಬ ಅವನನ್ನು ಎಬ್ಬಿಸಲು ಬಂದ; ಅವನು ಆ ಕೈ ಸರಿಸಿದ.

"ಅಂಕ ಹೇಳ್ದೆ ಓದು ಮುಗಿಯಲ್ಲ. ಮಾತು ಕೊಟ್ಟಿದ್ದೀಯ."

"ಮೂರು," ಎಂದಳು ನಿವೆಸ್. ಅವಳ ದನಿ ಒಡೆದಿತ್ತು.

ಅವನಿಗೆ ಅದು ಕೇಳಿಸಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ, ಜನರೆದುರು, ಅವನು ಅಂಗೈ ಬಾಗಿಸಿ ಕಿವಿಯ ಹಿಂದೆ ಹಿಡಿದ. ನಿವೆಸ್ ಕಾಗದ ಕೆಳಗಿಟ್ಟು ಕುರ್ಚಿಯ ಹತ್ತಿರ ಹೋದಳು. ಬಗ್ಗಿ, ಆ ಕಿವಿಗೆ ಬಾಯಿ ತಾಗುವಷ್ಟು ಸಮೀಪ ನಿಂತು, ಬಿಡಿಬಿಡಿಯಾಗಿ ಹೇಳಿದಳು.

"ಮೂರು, ಮೇಷ್ಟ್ರೇ."

"ಹತ್ತಕ್ಕೆ ತಾನೇ?"

"ಹತ್ತಕ್ಕೆ."